ಡಬ್ಲಿನ್‌ನ ಕಾಬಲ್‌ಸ್ಟೋನ್ ಪಬ್: ಸೆಶನ್‌ಗೆ ನಮ್ಮ ಪಿಟೀಲು ಒಯ್ಯಬಹುದೇ?

ಶ್ರುತಿಪೆಟ್ಟಿಗೆ:
ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್‌ನಲ್ಲಿ ಸಂಜೆ ಸೆಶನ್‌ಗೆ (ಐರಿಶ್ ಸಾಂಪ್ರದಾಯಿಕ ಸಂಗೀತವನ್ನು ಒಟ್ಟಿಗೆ ಕೂತು ನುಡಿಸುವ ಕೂಟ) ಕೂತು ನುಡಿಸಬೇಕು ಅಂತಿದೆ. ಕಲಿತದ್ದು ಕರ್ನಾಟಕ ಸಂಗೀತದ ಪಿಟೀಲು. ಶ್ರುತಿ ಹೇಗಿಟ್ಟುಕೊಳ್ಳಲಿ? ಟಿಕೆಟ್ ಇದೆಯಾ? ಕುಡಿಯುವ ಅಭ್ಯಾಸ ಇಲ್ಲ, ತೊಂದರೆಯಾಗುತ್ತಾ?

ಬಿರಡೆ:
ಅಲ್ಲಿ ದಪ್ಪ ತಂತಿಯಿಂದ ಜಿ-ಡಿ-ಎ-ಇ, ಎ ಅಂದರೆ 440 ಹರ್ಟ್ಸ್. ನಮ್ಮ ಸ-ಪ-ಸ-ಪದಲ್ಲಿ ನಡುವಿನ ಎರಡು ತಂತಿಗಳ ಅಂತರ ಮಧ್ಯಮದಷ್ಟು. ಅಲ್ಲಿ ಮೂರೂ ಕಡೆ ಪಂಚಮ. ಜಿಯನ್ನೇ ಷಡ್ಜ ಮಾಡಿಕೊಂಡಿದ್ದರೆ ಸಣ್ಣ ತಂತಿ ಎರಡನ್ನೂ ಎರಡೆರಡು ಅರ್ಧಸ್ವರ ಏರಿಸಿದರೆ ಸಾಕು. ಇನ್ನೂ ಕೆಳಗಿಟ್ಟಿದ್ದರೆ ಒಂದೇ ಏಟಿಗೆ ಬಿಗಿಸಬೇಡಿ. ಸಣ್ಣ ತಂತಿ ಕಿತ್ತುಹೋಗುತ್ತೆ, ಕುದುರೆ (ತಂತಿಗಳನ್ನು ಹೊತ್ತ ಮರದ ತುಂಡು) ಬಿರಡೆ ಕಡೆಗೆ ವಾಲುತ್ತೆ. ಹಿಂದಿನ ದಿನವೇ ಏರಿಸಿ, ಕುದುರೆ ನೆಟ್ಟಗಿದೆಯಾ ನೋಡಿ, ಬದಲಿಗೆ ಒಂದು ಇ ತಂತಿ ಜೇಬಲ್ಲಿರಲಿ.

ಬೆರಳೂ ಬದಲಾಗುತ್ತೆ. ಸ-ಪ-ಸ-ಪದಲ್ಲಿ ದಪ್ಪ ಜೋಡಿಯ ಬೆರಳೇ ಸಣ್ಣ ಜೋಡಿಗೂ ನಡೆಯುತ್ತೆ, ಇಲ್ಲಿ ನಡೆಯಲ್ಲ. ಡಿ ಷಡ್ಜವಾದಾಗ ಡಿ, ಎ ತಂತಿಗಳಲ್ಲಿ ಎರಡನೇ ಬೆರಳು ಮೂರನೆಯದಕ್ಕೆ ಅಂಟಿರಬೇಕು. ಇ ತಂತಿಗೆ ಬಂದ ಕೂಡಲೇ ಅದೇ ಬೆರಳು ಒಂದನೆಯದರ ಪಕ್ಕಕ್ಕೆ ಬರಬೇಕು. ಹೊಸಬರು ತಪ್ಪುವುದು ಇಲ್ಲೇ. ಪಾದದ ಮೇಲೆ ಪಿಟೀಲಿನ ತಲೆ ಊರಿ ನೆಲದಲ್ಲಿ ಕೂರಲು ಜಾಗ ಇರಲ್ಲ. ಸ್ಟೂಲಿನ ಮೇಲೆ ಕೂತು ಗದ್ದದಲ್ಲಿ ಹಿಡಿದು ನುಡಿಸುವುದನ್ನು ಮೊದಲೇ ಅಭ್ಯಾಸ ಮಾಡಿ.

ಮರದಕೊಳಲು:
ಶ್ರುತಿಗಿಂತ ದೊಡ್ಡ ತೊಡಕು ಗಮಕ, ಅಂದರೆ ಸ್ವರವನ್ನು ತೂಗಿ, ಜಾರಿಸಿ ನುಡಿಸುವುದು. ಇದು ಎಲ್ಲರೂ ಒಂದೇ ಮೆಟ್ಟನ್ನು ಒಟ್ಟಿಗೆ ನುಡಿಸುವ ಸಂಗೀತ. ಟಿನ್ ವಿಸಲ್ (ತಗಡಿನ ಪುಟ್ಟ ಕೊಳಲು) ನೇರ ಗಾಂಧಾರ ಹಿಡಿದಾಗ ನೀವು ಅದನ್ನು ಆಂದೋಲಿಸಿದರೆ ಅಪಶ್ರುತಿಯಾಗೇ ಕೇಳುತ್ತೆ. ಅವರ ಅಲಂಕಾರಕ್ಕೆ 'ರೋಲ್' ಅಂತಾರೆ: ಸ್ವರ, ಮೇಲಿನದು, ಸ್ವರ, ಕೆಳಗಿನದು, ಮತ್ತೆ ಸ್ವರ. ಮೇಲಿನದೂ ಕೆಳಗಿನದೂ ಬರೀ ಬೆರಳಿನ ಚಿಟಿಕೆ, ನಿಲ್ಲಕೂಡದು.

ಟ್ಯೂನ್‌ಗೆ ಸಾಮಾನ್ಯವಾಗಿ ಎರಡು ಭಾಗ, ತಲಾ 8 ಬಾರ್ (ತಾಳದ ಆವರ್ತ), ಎರಡೆರಡು ಸಲ, ಒಟ್ಟು 32. ಎರಡು ಮೂರು ಸುತ್ತಾದ ಮೇಲೆ ನಿಲ್ಲಿಸದೆ ಇನ್ನೊಂದಕ್ಕೆ ಹಾರುತ್ತಾರೆ. ಕುಣಿತದ ಟ್ಯೂನ್‌ಗಳಲ್ಲಿ ರೀಲ್ ಚತುರಶ್ರ (ನಾಲ್ಕರ ಎಣಿಕೆ), ಜಿಗ್ ತಿಶ್ರ (ಮೂರರ ಎಣಿಕೆ), ಸ್ಲಿಪ್ ಜಿಗ್ 9/8, ಅಂದರೆ ಮೂರು ತಿಶ್ರ. ಹೆಚ್ಚಿನವು ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಠಭೈರವಿ ಮೇಳಗಳ ಸ್ವರಗಳಲ್ಲೇ ಇರುತ್ತವೆ. ಹಾಗಂತ ಮನೋಧರ್ಮಕ್ಕೆ (ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದಕ್ಕೆ) ಇಳಿಯಬೇಡಿ! ಟ್ಯೂನ್ ಬಾಯಿಪಾಠ ಇದ್ದರೆ ನುಡಿಸಿ, ಇಲ್ಲದಿದ್ದರೆ ಪಿಟೀಲು ತೊಡೆ ಮೇಲಿರಲಿ. ಹತ್ತು ಟ್ಯೂನ್ ಗಟ್ಟಿಯಾಗಿ ಬಂದರೆ ಒಂದು ಸಂಜೆಗೆ ಧಾರಾಳ.

ರೆಡ್‌ಲೈನ್:
ಪಬ್‌ನ ಮುಂಭಾಗದ ಬಾರ್‌ನಲ್ಲಿ ನಡೆಯುವ ಸೆಶನ್‌ಗೆ ಟಿಕೆಟ್ ಇಲ್ಲ. ಹಿಂದಿನ ಕೋಣೆಯ ಕಛೇರಿಗಳು ಬೇರೆ, ಅವಕ್ಕೆ ಟಿಕೆಟ್ ಇರಬಹುದು. ಲುವಾಸ್ (ಡಬ್ಲಿನ್‌ನ ಟ್ರಾಮ್) ರೆಡ್ ಲೈನ್‌ನಲ್ಲಿ ಸ್ಮಿತ್‌ಫೀಲ್ಡ್‌ನಲ್ಲಿ ಇಳಿದು ಚೌಕದ ಉತ್ತರ ತುದಿಗೆ ನಡೆಯಿರಿ. ಮೂಲೆಯ ಸ್ಟೂಲುಗಳು ನುಡಿಸುವವರಿಗೆ, ಖಾಲಿ ಕಂಡವೆಂದು ಕೂರಬೇಡಿ. ಎರಡು ಸೆಟ್‌ಗಳ (ನಿಲ್ಲಿಸದೆ ನುಡಿಸುವ ಟ್ಯೂನ್‌ಗಳ ಸರಣಿ) ನಡುವೆ, ಟ್ಯೂನ್ ಎತ್ತಿಕೊಡುತ್ತಿರುವವರನ್ನು ಕೇಳಿ. ಪಾನೀಯ ಬಾರ್‌ನಲ್ಲೇ ಹೋಗಿ ತರಬೇಕು. ಜ್ಯೂಸ್ ಕುಡಿದರೂ ಯಾರೂ ಮುಖ ನೋಡಲ್ಲ. ಆದರೆ ಏನೂ ಕೊಳ್ಳದೆ ಜಾಗ ಹಿಡಿದು ಕೂರುವುದು ಸರಿಯಲ್ಲ. ಈ ಜಾಗದಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಜನ ಬೀದಿಗಿಳಿದಿದ್ದರು, ನವೆಂಬರ್ 2021ರಲ್ಲಿ ಡಬ್ಲಿನ್ ನಗರಸಭೆ ಅನುಮತಿ ನಿರಾಕರಿಸಿತು. ಇಂಥ ಪಬ್ ಉಳಿಯುವುದು ಕೌಂಟರ್‌ನ ವ್ಯಾಪಾರದಿಂದಲೇ ತಾನೇ?

ಮಕ್ಕಳಿದ್ದರೆ ಗಮನಿಸಿ: 18ರ ಒಳಗಿನವರು ದೊಡ್ಡವರ ಜೊತೆ ಬಂದರೂ ರಾತ್ರಿ 9ರ ತನಕ ಮಾತ್ರ, ಮೇ-ಸೆಪ್ಟೆಂಬರ್‌ನಲ್ಲಿ 10.

ಶ್ರುತಿಪೆಟ್ಟಿಗೆ:
"ನಿಮ್ಮದೊಂದು ನುಡಿಸಿ" ಅಂದುಬಿಟ್ಟರೆ?

ಮರದಕೊಳಲು:
ಕೇಳುವುದುಂಟು. ಆಲಾಪನೆ ಬೇಡ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಒಂದನ್ನು ಡಿ ಷಡ್ಜದಲ್ಲಿ ನುಡಿಸಿ. ಮೆಟ್ಟು ಯುರೋಪಿನದೇ, ಗಮಕವೂ ಬೇಕಿಲ್ಲ. ಎರಡನೇ ಸುತ್ತಿಗೆ ಗಿಟಾರಿನವರು ಸೇರಿಕೊಳ್ಳುತ್ತಾರೆ.