‘ರೋಮ್, ಓಪನ್ ಸಿಟಿ’: ನಾಯಕಿ ಅರ್ಧಕ್ಕೇ ಸತ್ತುಹೋದರೆ ಹೇಗೆ?

ಹಳೇರೀಲು:
ಇಟಲಿಯ ನಿರ್ದೇಶಕ ರೊಸೆಲಿನಿಯ ಈ 1945ರ ಸಿನಿಮಾ ನಿನ್ನೆ ರಾತ್ರಿ ನೋಡಿದೆ. ಜರ್ಮನ್ನರ ಕೈಲಿದ್ದ ರೋಮ್‌ನ ಕಥೆ. ನಾಯಕಿ ಪೀನಾನೇ ಕೊನೇವರೆಗೂ ಇರ್ತಾಳೆ ಅಂದುಕೊಂಡು ಕೂತಿದ್ದೆ. ಅವತ್ತು ಅವಳ ಮದುವೆ. ಅವಳನ್ನು ಮದುವೆ ಆಗಬೇಕಿದ್ದ ಫ್ರಾನ್ಚೆಸ್ಕೋನನ್ನು ಜರ್ಮನ್ನರು ಲಾರಿಗೆ ತುಂಬಿಕೊಂಡು ಹೊರಡುತ್ತಾರೆ, ಇವಳು ಕೂಗುತ್ತಾ ಹಿಂದೆ ಓಡುತ್ತಾಳೆ, ಗುಂಡಿನ ಸದ್ದು, ಮುಗೀತು. ಸಿನಿಮಾ ಇನ್ನೂ ಅರ್ಧ ಬಾಕಿ! ಅದಕ್ಕೆ ಸ್ವಲ್ಪ ಮುಂಚೆ ತಾನೇ ಪಾದ್ರಿಯೊಬ್ಬ, ಸಾಯೋ ಹಾಗೆ ನಾಟಕ ಆಡಬೇಕಿದ್ದ ಮುದುಕನ ಬಾಯಿ ಮುಚ್ಚಿಸೋಕೆ ಬಾಣಲೆಯಿಂದ ಹೊಡೆದದ್ದಕ್ಕೆ ನಗ್ತಾ ಇದ್ದೆ. ನನಗ್ಯಾಕೋ ಮೋಸ ಆದಂಗಾಯ್ತು. ಇನ್ನೊಂದು, ಒಂದು ಸೀನಿನಿಂದ ಇನ್ನೊಂದಕ್ಕೆ ಬೆಳಕು ಹೆಚ್ಚುಕಮ್ಮಿ ಆಗುತ್ತೆ. ನಾನು ನೋಡಿದ ಪ್ರಿಂಟೇ ಸರಿ ಇಲ್ವಾ?

ಕಪ್ಪುಬಿಳುಪು:
ಪೀನಾ ಸಾಯೋದು ಬರೀ ಕಟ್ಟುಕಥೆ ಅಲ್ಲ. ಅದಕ್ಕೆ ಮೂಲ ತೆರೇಸಾ ಗುಲ್ಲಾಚೆ ಅನ್ನೋ ಬಸುರಿ, ಐದು ಮಕ್ಕಳ ತಾಯಿ. ಜರ್ಮನ್ನರು ಗಂಡನನ್ನು ರೋಮ್‌ನ ವಿಯಾಲೆ ಜೂಲಿಯೋ ಚೇಸರೆಯ ಬ್ಯಾರಕ್‌ನಲ್ಲಿ ಕೂಡಿಹಾಕಿದ್ದರು. 1944ರ ಮಾರ್ಚ್ 3ರಂದು ಅದರ ಮುಂದೆಯೇ ಅವಳಿಗೆ ಗುಂಡು ಹೊಡೆದರು. ಸಿನಿಮಾ ತೆರೆಗೆ ಬಂದಾಗ ಇದಾಗಿ ಒಂದೂವರೆ ವರ್ಷ ಅಷ್ಟೇ. ಪಾದ್ರಿಯ ಪಾತ್ರಕ್ಕೂ ಮೊರೊಸಿನಿ, ಪಪ್ಪಗಾಲ್ಲೋ ಅಂತ ಇಬ್ಬರು ನಿಜವಾದ ಪಾದ್ರಿಗಳೇ ಮೂಲ, ಇಬ್ಬರನ್ನೂ ಕೊಂದರು. ಮುಸೊಲಿನಿ 1943ರ ಜುಲೈನಲ್ಲೇ ಇಳಿದಿದ್ದ, ಸೆಪ್ಟೆಂಬರ್‌ನಲ್ಲಿ ಊರು ಜರ್ಮನ್ನರ ಕೈ ಸೇರಿತ್ತು.

ಬೆಳಕಿನ ವಿಷಯಕ್ಕೆ ಬಂದರೆ, ಸಿಕ್ಕಸಿಕ್ಕ ಚೂರುಪಾರು ಫಿಲ್ಮ್ ಜೋಡಿಸಿ ತೆಗೆದರು ಅಂತ ಎಲ್ಲರೂ ಹೇಳ್ತಾರೆ, ಆದರೆ 1995ರಲ್ಲಿ ನೆಗೆಟಿವ್ ರಿಪೇರಿ ಮಾಡಿದಾಗ ಅದರಲ್ಲಿ ಮೂರೇ ಬಗೆಯ ಫಿಲ್ಮ್ ಇದ್ದದ್ದು ಗೊತ್ತಾಯ್ತು. ಲ್ಯಾಬಿನಲ್ಲಿ ಸರಿಯಾಗಿ ತೊಳೆದಿರಲಿಲ್ಲ, ಅಷ್ಟೇ.

ಸಂಜೆಗಾಳಿ:
ನಿಜವಾಗಿ ನಡೆದದ್ದು ಅನ್ನೋದು ಸರಿ, ಆದರೆ ಬರೀ ಅದಕ್ಕೆ ಸೀನು ಚೆನ್ನಾಗಿ ಬಂತು ಅಂದರೆ ನಾನು ಒಪ್ಪಲ್ಲ. ಅವಳು ಓಡಿ ಬರೋದನ್ನು ಕ್ಯಾಮೆರಾ ಲಾರಿಯಿಂದ ನೋಡುತ್ತೆ. ಲಾರಿ ಮುಂದೆ ಹೋಗ್ತಾನೇ ಇರುತ್ತೆ, ಅವಳು ದೂರದಲ್ಲಿ ಬಿದ್ದುಬಿಡ್ತಾಳೆ. ಸಾಯುವಾಗ ಒಂದು ಮಾತಿಲ್ಲ. ಪೀನಾ ಪಾತ್ರಕ್ಕೆ ಆನ್ನಾ ಮನ್ಯಾನಿಯಂಥ ನಟಿಯನ್ನು ಇಟ್ಟುಕೊಂಡು ಇಷ್ಟು ಬೇಗ ಮುಗಿಸೋಕೆ ಧೈರ್ಯ ಬೇಕು ಮಾರಾಯ್ರೇ. ನಿಮಗೆ ಮೋಸ ಅನ್ನಿಸಿತಲ್ಲ, ಅದು ಆಗಬೇಕಾದದ್ದೇ. ನನಗೆ ಇಷ್ಟವಾಗದೇ ಇದ್ದದ್ದು ಗೆಸ್ಟಾಪೋ (ನಾಜಿಗಳ ಗುಪ್ತ ಪೊಲೀಸ್) ಅಧಿಕಾರಿ ಬೆರ್ಗ್‌ಮನ್, ಕೆಟ್ಟವನು ಅಂತ ತೋರಿಸೋಕೆ ಜಾಸ್ತಿ ಬಣ್ಣ ಬಳಿದಿದ್ದಾರೆ.

ಹಳೇರೀಲು:
ಆ ಭಾಗ ಮತ್ತೆ ಹಾಕಿ ನೋಡಿದೆ. ಅವಳ ಮೇಲೆ ಬಿದ್ದು ಅಳೋ ಮಗ ಪೂಜೆಗೆ ನಿಲ್ಲೋ ಹುಡುಗರ ಬಿಳಿ ಅಂಗಿಯಲ್ಲಿ ಇದ್ದಾನೆ. ಮುದುಕ ಸಾಯ್ತಾ ಇದ್ದಾನೆ ಅಂತ ನಾಟಕ ಆಡೋಕೆ ಪಾದ್ರಿ ಜೊತೆ ಹೋದಾಗ ಹಾಕಿಕೊಂಡಿದ್ದು. ಬಾಣಲೆ ಸೀನಿನ ಅದೇ ಅಂಗಿ, ಇನ್ನೂ ಬಿಚ್ಚಿಲ್ಲ.