ಸಿಟ್ಟು ಬಂದ ಮೇಲೆ ಗೊತ್ತಾಗುತ್ತೆ, ಬರುವಾಗಲೇ ಗೊತ್ತಾಗೋದು ಹೇಗೆ? ಅನುಭವ ಇದ್ದವರು ಹೇಳಿ

ಹಾಸನದವಳು:
ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ವಯಸ್ಸು 38. ಆರೇಳು ತಿಂಗಳಿಂದ ಸಿಟ್ಟು ಕೈಮೀರಿ ಹೋಗುತ್ತಿದೆ. ಬಂತು ಅಂತ ಗೊತ್ತಾಗುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತೆ. ಹೋದ ವಾರ ಟಿಫಿನ್ ಡಬ್ಬಿ ಮುಚ್ಚಳ ಎಲ್ಲಿ ಬಿಸಾಕಿದೆ ಅಂತ ಚಿಕ್ಕ ಮಗನ ಬೆನ್ನಿಗೆ ಎರಡು ಬಾರಿಸಿದೆ. ಮುಚ್ಚಳ ನನ್ನ ಎಡಗೈಯಲ್ಲೇ ಇತ್ತು. ಅವನು ಅಳಲೂ ಇಲ್ಲ, ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದ.

ವಾಕಿಂಗ್ ಹೋಗುತ್ತೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ. ಆದರೂ ನಿದ್ದೆ ಇಲ್ಲ, ತೂಕ 4 ಕೆಜಿ ಇಳಿದಿದೆ, ಬೋರ್ಡ್ ಮೇಲೆ ಬರೆಯುವಾಗ ಕೈ ನಡುಗುತ್ತೆ. ನನ್ನೊಳಗೆ ಏನು ನಡೀತಿದೆ ಅಂತ ನನಗೇ ತಿಳಿಯುತ್ತಿಲ್ಲ. ಡೈರಿ ಬರೆಯಲಾ, ಕೌನ್ಸೆಲಿಂಗ್‌ಗೆ ಹೋಗಲಾ, ವಿಪಶ್ಯನ ಶಿಬಿರನಾ (10 ದಿನ ಮಾತಿಲ್ಲದೆ ಧ್ಯಾನಕ್ಕೆ ಕೂರುವುದು)? 10 ದಿನ ರಜೆ ಸಿಗಲ್ಲ. ಖರ್ಚು ತಿಂಗಳಿಗೆ 2,000 ರೂಪಾಯಿ ದಾಟಬಾರದು.

ತುಮಕೂರು ರಸ್ತೆ:
ವಿಪಶ್ಯನಕ್ಕೆ ಹೋಗಿ ಮೇಡಂ, ಯೋಚನೆ ಮಾಡಬೇಡಿ. ನಾನು 2017ರಲ್ಲಿ ಹೋಗಿದ್ದೆ. ಅಪ್ಪನ ಜಮೀನು ಪಾಲು ಮಾಡುವಾಗ ತಮ್ಮನ ಕಾಲರ್ ಹಿಡಿದಿದ್ದೆ, ಅದೂ ಅಮ್ಮನ ಎದುರಿಗೆ. ಅದಾದ ಮೇಲೆ ರಾತ್ರಿ ನಿದ್ದೆ ಹೋಯಿತು. ಶಿಬಿರಕ್ಕೆ ಶುಲ್ಕ ಇಲ್ಲ, ಊಟ ವಸತಿ ಎಲ್ಲ ಮೊದಲು ಮಾಡಿಹೋದವರ ದಾನದಲ್ಲಿ ನಡೆಯುತ್ತೆ, ಆದರೆ ನನಗೆ ಪುಕ್ಕಟೆ ಆಗಲಿಲ್ಲ. ಮೊಬೈಲ್ ರಿಪೇರಿ ಅಂಗಡಿ ನಂದು. 12 ದಿನ ಬಾಗಿಲು ಹಾಕಿದೆ. ಬಾಡಿಗೆ 14,000 ಕೊಡಲೇಬೇಕು, ಹುಡುಗನಿಗೆ ಅರ್ಧ ಸಂಬಳ 4,500. ಮೂರು ಖಾಯಂ ಗಿರಾಕಿಗಳು ಎದುರಿನ ಅಂಗಡಿಗೆ ಹೋದವರು ಇವತ್ತಿಗೂ ವಾಪಸ್ ಬಂದಿಲ್ಲ.

ಬೆಳಗಿನ ಜಾವ 4ಕ್ಕೆ ಗಂಟೆ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ನೋಡುವುದು, ಅಷ್ಟೇ. ನಾಲ್ಕನೇ ದಿನದಿಂದ ಮೈ ನೋಡುವುದು. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಅಲ್ಲಾಡಿಸದೆ ಕೂರಬೇಕು. ನನ್ನ ಬಲ ಮಂಡಿ ಹರಿದುಹೋಗುತ್ತೆ ಅನಿಸುತ್ತಿತ್ತು. ಆರನೇ ದಿನ ತಮ್ಮನ ನೆನಪು ಬಂತು. ಬಂದ ಕೂಡಲೇ ಎದೆಗುಂಡಿಗೆಯ ಕೆಳಗೆ ಒಂದು ಬಿಸಿ ಎದ್ದಿತು, ಒಲೆ ಮೇಲೆ ಬೋಗುಣಿ ಇಟ್ಟ ಹಾಗೆ. ಬೈಗುಳ ಆಮೇಲೆ ಬಂತು. ಮೊದಲು ಬಿಸಿ, ಆಮೇಲೆ ಮಾತು. 41 ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ಈಗ ಬಿಸಿ ಎದ್ದರೆ ಅಂಗಡಿಯಿಂದ ಹೊರಗೆ ಬಂದು ನಿಲ್ಲುತ್ತೇನೆ.

ನೀಲಿ ಕೊಡೆ:
"ಯೋಚನೆ ಮಾಡಬೇಡಿ" ಅಂತ ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. ನನಗೂ ಒಬ್ಬಳು ಗೆಳತಿ ಹೀಗೇ ಹೇಳಿದ್ದಳು. ಆಗ ನಾನು ಎಸ್ಸಿಟಾಲೋಪ್ರಾಮ್ (ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ) 10 ಎಂಜಿ ತಗೊಳ್ಳುತ್ತಿದ್ದೆ. ಧ್ಯಾನಕ್ಕೆ ಹೋಗುವವಳಿಗೆ ಮಾತ್ರೆ ಯಾಕೆ ಅಂತ ಹೋಗುವ ಮುಂಚೆ ನಾನೇ ನಿಲ್ಲಿಸಿದೆ. ಡಾಕ್ಟರಿಗೆ ಹೇಳಲಿಲ್ಲ. ಅರ್ಜಿಯಲ್ಲಿ ಔಷಧಿ ಬಗ್ಗೆ ಕೇಳುತ್ತಾರೆ, ಇಲ್ಲ ಅಂತ ಬರೆದೆ. ಶಿಬಿರದ ಎರಡನೇ ದಿನವೇ ತಲೆ ತಿರುಗು, ಕಣ್ಣು ಹೊರಳಿಸಿದರೆ ತಲೆಯೊಳಗೆ ಚುರ್ ಅಂತ ಕರೆಂಟ್ ಹೊಡೆದ ಹಾಗೆ. ಮಾತ್ರೆ ದಿಢೀರನೆ ಬಿಟ್ಟಿದ್ದಕ್ಕೆ ಹಾಗಾಗುತ್ತಿತ್ತು, ನಾನು ಅದನ್ನು ಮನಸ್ಸಿನ ಹಳೇ ಕೊಳೆ ಹೊರಗೆ ಬರುತ್ತಿದೆ ಅಂದುಕೊಂಡು ಖುಷಿಪಟ್ಟೆ. ಐದನೇ ದಿನ ರಾತ್ರಿ ಗೋಡೆ ಹಿಡಿದುಕೊಂಡು ಕೂತಿದ್ದೆ. ನಿಜ ಹೇಳಿದ ಮೇಲೆ ಶಿಬಿರದವರೇ ಮನೆಯವರಿಗೆ ಫೋನ್ ಮಾಡಿ ಕಳಿಸಿಕೊಟ್ಟರು.

ವಿಮಾನದ ಟಿಕೆಟ್ 6,800. ಟ್ಯಾಕ್ಸಿ 2,400. ಡಾಕ್ಟರ್ ಫೀಸು 800ರಂತೆ ಒಂಬತ್ತು ಸಲ. 11 ವಾರ ಸಂಬಳ ಇಲ್ಲದ ರಜೆ. ಮೊದಲಿದ್ದ ಡೋಸ್ ಸಾಲದೆ ಈಗ 15 ಎಂಜಿ. ದುಡ್ಡು ಹೋಗಲಿ, ಆ ಮೂರು ತಿಂಗಳು ನನ್ನ ಮಗಳು ಅಜ್ಜಿ ಮನೆಯಲ್ಲಿದ್ದಳು. ವಾಪಸ್ ಬಂದಾಗ ನನ್ನ ರೂಮಿನ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದಳು. ಏಳು ವರ್ಷದ ಮಗು.

ತುಮಕೂರು ರಸ್ತೆ:
ನಿಮಗಾಗಿದ್ದಕ್ಕೆ ನಿಜವಾಗಿಯೂ ಬೇಜಾರಾಯಿತು. ಆದರೆ ಅರ್ಜಿಯಲ್ಲಿ ಸುಳ್ಳು ಬರೆದವರು ನೀವು. ಮಾತ್ರೆ ಬಿಟ್ಟವರೂ ನೀವೇ. ಅದನ್ನು ತಂದು ಶಿಬಿರದ ತಲೆಗೆ ಕಟ್ಟಬೇಡಿ.

ನೀಲಿ ಕೊಡೆ:
ನಾನು ಶಿಬಿರವನ್ನು ಎಲ್ಲಿ ಬೈದಿದ್ದೇನೆ? ಇನ್ನೊಂದು ಸಲ ಓದಿ. ನಾನು ಹೇಳಿದ್ದು ನಿಮ್ಮ ಮೊದಲ ಸಾಲಿನ ಬಗ್ಗೆ. ಆ ಮೇಡಂ ಮಾತ್ರೆ ತಗೊಳ್ತಾರಾ ಇಲ್ವಾ ಅಂತ ಕೇಳದೆ "ಹೋಗಿ" ಅಂದಿರಲ್ಲ, ಅದರ ಬಗ್ಗೆ.

ಮಡಿಕೇರಿ ಮಳೆ:
ನಾನು ಕೌನ್ಸೆಲಿಂಗ್ ಮಾಡಿಸಿಕೊಂಡವಳು. ಮೊದಲನೆಯವರ ಹತ್ತಿರ 50 ನಿಮಿಷಕ್ಕೆ 1,500. ಆರು ಸಲ ಹೋದೆ, 9,000 ಆಯಿತು. ಎಲ್ಲ ಇಂಗ್ಲಿಷಿನಲ್ಲಿ. ಭಾವನೆಗಳ ಚಕ್ರ ಅಂತ ಒಂದು ಬಣ್ಣದ ಹಾಳೆ ಕೊಟ್ಟು, ದಿನಾ ಯಾವುದು ಅನಿಸಿತು ಗುರುತು ಹಾಕಿ ಅಂದರು. ಎಷ್ಟೊಂದು ಪದ. ಅರ್ಥ ಗೊತ್ತು, ಆದರೆ ಒಂದೂ ನನ್ನ ಹೊಟ್ಟೆಯೊಳಗೆ ಇಳಿಯಲಿಲ್ಲ. ಸುಮ್ನೆ ಯಾವುದೋ ಒಂದಕ್ಕೆ ಗುರುತು ಹಾಕಿ ಕೊಡುತ್ತಿದ್ದೆ. ಆರನೇ ಸಲ ಅವರು ನಾನು ಅಳುವಾಗ ಗಡಿಯಾರ ನೋಡಿದರು. ಅಲ್ಲಿಗೆ ಬಿಟ್ಟೆ.

ಎರಡನೆಯವರು ಕನ್ನಡದವರು, ಫೋನಿನಲ್ಲೇ, 900. ಎಂಟು ಸಲ, 7,200. ಏನು ಕೇಳಿದರೂ ನಾನು "ಬೇಜಾರು" ಅನ್ನುತ್ತಿದ್ದೆ. ಅವರು "ಯಾವ ಬೇಜಾರು?" ಅಂದರು. ಉತ್ತರ ಬರಲಿಲ್ಲ. ಆ ರಾತ್ರಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನ ಅಜ್ಜಿ, ಅಮ್ಮ ಬಳಸುತ್ತಿದ್ದ ಪದಗಳನ್ನೆಲ್ಲ ಬರೆದೆ. ಕಸಿವಿಸಿ, ತಳಮಳ, ಅಳುಕು, ದಿಗಿಲು, ಮುಜುಗರ, ಸಂಕಟ, ಹೊಟ್ಟೆಕಿಚ್ಚು, ಕಳವಳ. ಫ್ರಿಜ್ಜಿಗೆ ಅಂಟಿಸಿದೆ. ದಿನಾ ರಾತ್ರಿ ಒಂದಕ್ಕೆ ಚುಕ್ಕಿ ಇಡುವುದು. ಓರಗಿತ್ತಿ ಮನೆಗೆ ಹೋಗಿ ಬಂದಾಗಲೆಲ್ಲ ಗಂಡನ ಮೇಲೆ ರೇಗುತ್ತಿದ್ದೆ, ಅದನ್ನು ನಾನು ಸಿಟ್ಟು ಅಂತಲೇ ತಿಳಿದಿದ್ದೆ. ಅದು ಹೊಟ್ಟೆಕಿಚ್ಚು. ಆ ಪದದ ಮುಂದೆ ಚುಕ್ಕಿ ಇಡಲು ನನಗೆ ಎರಡು ತಿಂಗಳು ಬೇಕಾಯಿತು.

ಧಾರವಾಡ ಫೇಡೆ:
ಬೇಜಾರು ಅನ್ನೋ ಪದವೇ ಮೊದಲು ಬಿಡಬೇಕು. ನಮ್ಮ ಮನೆಯಲ್ಲಿ ಬೇಜಾರು ಅಂದರೆ ಹೊತ್ತು ಹೋಗದಿರುವುದು, ಅಷ್ಟೇ. ಮಾಡಿದ್ದಕ್ಕೆ ಮನಸ್ಸು ಒಳಗೊಳಗೇ ಕೊರೆಯುತ್ತಿದ್ದರೆ ಅದಕ್ಕೆ ಹಳಹಳಿ ಅನ್ನುತ್ತಾರೆ. ಮೇಲಿನ ಮೇಡಂಗೆ ಮಗನ ವಿಷಯದಲ್ಲಿ ಆಗಿರುವುದು ಅದೇ. ನೀವು ಮೈಸೂರು ಕಡೆಯವರು ನೋವು, ದುಃಖ, ಸುಸ್ತು ಎಲ್ಲದಕ್ಕೂ ಒಂದೇ ಪದ ಹಾಕಿ ಪದವನ್ನೇ ಹಾಳು ಮಾಡಿದ್ದೀರಿ.

ಮಡಿಕೇರಿ ಮಳೆ:
ನಾನು ಮೈಸೂರಿನವಳಲ್ಲ, ಹೆಸರು ನೋಡಿ. ಮತ್ತೆ ನಮ್ಮ ಅಮ್ಮ ತನ್ನ ಅಪ್ಪ ಸತ್ತ ದಿನ "ಬೇಜಾರಾಗ್ತಿದೆ" ಅಂತಲೇ ಅತ್ತಿದ್ದು. ಆ ಪದ ಹಾಳಾಗಿಲ್ಲ.

ಬಳ್ಳಾರಿ ಬಿಸಿಲು:
1,500, 900 ಅಂತ ಓದಿ ಹೊಟ್ಟೆ ಉರಿಯಿತು. ಸರ್ಕಾರದ ದಾರಿ ಯಾರೂ ಹೇಳುವುದಿಲ್ಲ ಯಾಕೆ? ಟೆಲಿ ಮಾನಸ್ 14416, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ, ಒಂದು ಪೈಸೆ ಇಲ್ಲ. ಲಾರಿ ಸಾಲ ತಲೆ ಮೇಲೆ ಬಂದಾಗ ರಾತ್ರಿ 2 ಗಂಟೆಗೆ ಫೋನ್ ಮಾಡಿದ್ದೆ. ಮೊದಲ ಎರಡು ಸಲ ಲೈನ್ ಸಿಗಲಿಲ್ಲ, ಮೂರನೇ ಸಲ ಒಬ್ಬ ಹೆಣ್ಣುಮಗಳು 35 ನಿಮಿಷ ಕೇಳಿಸಿಕೊಂಡಳು. "ಅಣ್ಣ, ಈಗ ನಿಮ್ಮ ಹಲ್ಲು ಕಚ್ಚಿಕೊಂಡಿದೆಯಾ ನೋಡಿ" ಅಂದಳು. ಕಚ್ಚಿಕೊಂಡಿತ್ತು. ದವಡೆ ನೋವಿಗೆ ಅಂತ ಒಂದು ವರ್ಷದಿಂದ ಹಲ್ಲಿನ ಡಾಕ್ಟರಿಗೆ ಸುರಿಯುತ್ತಿದ್ದೆ, ಒಟ್ಟು 11,300.

ಇನ್ನೊಂದು ಮಾತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು 1985ರಲ್ಲಿ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇದೇ ಮಾದರಿಯಲ್ಲಿ. ಬಿಸಿಲು, ಗಣಿ ಧೂಳು ಅಂತ ಮಾತ್ರ ನಮ್ಮ ಊರಿನ ಹೆಸರು ಹೇಳುತ್ತೀರಿ, ಇದನ್ನೂ ಹೇಳಿ.

ನೀಲಿ ಕೊಡೆ:
ಅಣ್ಣ, ಫೋನಿನಲ್ಲಿ ಒಂದು ರಾತ್ರಿ ಮಾತಾಡುವುದು ಬೇರೆ, ತಿಂಗಳುಗಟ್ಟಲೆ ಒಬ್ಬರೇ ನಮ್ಮ ಜೊತೆ ಕೂತು ನೋಡುವುದು ಬೇರೆ. ದುಡ್ಡು ಕೊಟ್ಟವರೆಲ್ಲ ದಡ್ಡರಲ್ಲ.

ಬಳ್ಳಾರಿ ಬಿಸಿಲು:
ದಡ್ಡರು ಅಂತ ನಾನು ಅಂದಿಲ್ಲ ತಂಗಿ. ದುಡ್ಡಿಲ್ಲದವನಿಗೆ ಆ ಒಂದು ರಾತ್ರಿಯೇ ದೊಡ್ಡದು.

ಅಡಿಕೆ ತೋಟ:
ಹಾಸನದ ಅಕ್ಕ ಏನು ಬರೆದಿದ್ದಾರೆ ಅಂತ ಇಲ್ಲಿ ಯಾರಾದರೂ ಪೂರ್ತಿ ಓದಿದ್ದೀರಾ? ಕೈ ನಡುಕ. ಊಟ ಸರಿಯಾಗಿದ್ದರೂ ತೂಕ ಇಳಿದಿದೆ. ನಿದ್ದೆ ಇಲ್ಲ. ರೇಗಾಟ. ಅಕ್ಕ, ಇದೇ ನಾಲ್ಕು ನನಗೂ ಇತ್ತು. ಎಲ್ಲರೂ ಟೆನ್ಶನ್ ಅಂದರು. ನಾನೂ ನಂಬಿ ಎಂಟು ತಿಂಗಳು ಡೈರಿ ಬರೆದೆ, 200 ಪುಟದ ಮೂರು ನೋಟ್‌ಬುಕ್. ಅತ್ತೆಯ ಜೊತೆ ಯಾಕೆ ಜಗಳ ಆಡಿದೆ, ಅಪ್ಪನಿಗೆ ನಾನು ಯಾಕೆ ಹೆದರುತ್ತಿದ್ದೆ, ಎಲ್ಲ ಅಗೆದು ಅಗೆದು ಬರೆದೆ. ನಡುವೆ ಒಂದು ನೋಟ್‌ಬುಕ್ ಅತ್ತೆಯ ಕೈಗೆ ಸಿಕ್ಕಿ ಅದೊಂದು ರಾಮಾಯಣ ಆಯಿತು, ಆರು ತಿಂಗಳು ನಾವು ಒಟ್ಟಿಗೆ ಕೂತು ಊಟ ಮಾಡಲಿಲ್ಲ.

ಕೊನೆಗೆ ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯ ಕೆಲಸ ತೋರಿಸುವ ಅಂಕಿ) 0.01 ಬಂತು, ತೀರಾ ಕಡಿಮೆ. ಅಂದರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿತ್ತು. ಆ ಪರೀಕ್ಷೆಗೆ ಕೊಟ್ಟಿದ್ದು 350 ರೂಪಾಯಿ. ಅದನ್ನು ಇಳಿಸುವ ಕಾರ್ಬಿಮಜೋಲ್ ಮಾತ್ರೆ ಶುರು ಮಾಡಿದ ಎರಡು ತಿಂಗಳಿಗೆ ನಡುಕ ನಿಂತಿತು, ಸಿಟ್ಟು ಮುಕ್ಕಾಲು ಪಾಲು ಇಳಿಯಿತು. ಹಳೇ ನೋಟ್‌ಬುಕ್ ತೆಗೆದು ನೋಡಿದರೆ ಹೆಚ್ಚುಕಮ್ಮಿ ಪ್ರತಿ ಪುಟದಲ್ಲೂ "ಎದೆ ಡವಡವ" ಅಂತ ನಾನೇ ಬರೆದಿದ್ದೇನೆ. ನನ್ನ ಕೈಬರಹ. ಆದರೂ ಕಾಣಲಿಲ್ಲ. ಅಪ್ಪನನ್ನು ಹುಡುಕುತ್ತಿದ್ದೆ.

ತುಮಕೂರು ರಸ್ತೆ:
ನಾನೂ ಮೈಯನ್ನು ನೋಡಿ ಅಂತಲೇ ಹೇಳಿದ್ದು.

ಅಡಿಕೆ ತೋಟ:
ನೋಡುತ್ತಾ ಕೂತರೆ ಥೈರಾಯ್ಡ್ ಇಳಿಯಲ್ಲ ಸರ್. ಅಕ್ಕ 10 ದಿನ ಕಣ್ಣು ಮುಚ್ಚಿ ಕೂತು ಎದೆ ಬಡಿತ ಬಂತು ಹೋಯಿತು ಅಂತ ಸಮಾಧಾನವಾಗಿ ನೋಡಿ ಬಂದಿದ್ದರೆ ಏನು ಗತಿ?

ತುಮಕೂರು ರಸ್ತೆ:
ನೀವು ಒಂದು ದಿನವೂ ಕೂರದೆ ಮಾತಾಡುತ್ತಿದ್ದೀರಿ. ನನ್ನ ತಮ್ಮ ಈಗ ಹಬ್ಬಕ್ಕೆ ನನ್ನ ಮನೆಗೆ ಬರುತ್ತಾನೆ. ಅದು ಯಾವ ಮಾತ್ರೆಯಿಂದಲೂ ಆಗಿದ್ದಲ್ಲ.

ಹಾಸನದವಳು:
ಎಲ್ಲರಿಗೂ ನಮಸ್ಕಾರ. 10 ದಿನ ರಜೆ ಸಿಗಲ್ಲ ಅಂತ ಮೊದಲೇ ಬರೆದಿದ್ದೆ ಸರ್, ಆದರೆ ಆ "ಬಿಸಿ ಮೊದಲು, ಮಾತು ಆಮೇಲೆ" ಅನ್ನುವುದು ತಲೆಯಲ್ಲಿ ಕೂತಿದೆ. ಯಾವ ಮಾತ್ರೆಯೂ ತಗೊಳ್ಳುತ್ತಿಲ್ಲ. ಅಡಿಕೆ ತೋಟದವರು ಹೇಳಿದ್ದು ಓದಿ ಕೈ ಮುಂದೆ ಚಾಚಿ ಬೆರಳ ಮೇಲೆ ಒಂದು ಪೇಪರ್ ಇಟ್ಟು ನೋಡಿದೆ. ಪೇಪರ್ ನಡುಗಿತು. ಶನಿವಾರ ಅರ್ಧ ದಿನ ಶಾಲೆ, ಬಿಟ್ಟ ಕೂಡಲೇ ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುತ್ತೇನೆ. ಆಮೇಲೆ ಡಾಕ್ಟರ್.

ಕ್ಯಾಲೆಂಡರ್ ಹಾಳೆ ಹಿಂದೆ ನಾನೂ ಬರೆಯಲು ಕೂತೆ. ಮುಚ್ಚಳದ ದಿನದ ಮುಂದೆ ಸಿಟ್ಟು ಅಂತ ಬರೆದೆ, ಹೊಡೆದುಹಾಕಿದೆ. ಅವಸರ ಅಂತ ಬರೆದೆ. 8 ಗಂಟೆ ಬಸ್ಸು ತಪ್ಪಿದರೆ ಇನ್ನೊಂದು 9:10ಕ್ಕೆ.

ಧಾರವಾಡ ಫೇಡೆ:
ಅವಸರ ಭಾವನೆ ಅಲ್ಲ ಮೇಡಂ. ಅದು ಪರಿಸ್ಥಿತಿ. ಅದರ ಕೆಳಗೆ ದಿಗಿಲು ಇರುತ್ತೆ, ಅದನ್ನು ಬರೆಯಿರಿ.

ಮಡಿಕೇರಿ ಮಳೆ:
ಅವರ ಕ್ಯಾಲೆಂಡರ್, ಅವರ ಪದ. ಬಿಡಿ ಸರ್.