ಲೈಸೆನ್ಸು, ಪರ್ಮಿಟ್ಟು, ಟೈಮಿಂಗು: ಉಪಗ್ರಹದ ‘ಅನುಮತಿ’ಗೆ ಎಷ್ಟು ಪದ ಬೇಕು?

ಎಲ್ಲರಿಗೂ ನಮಸ್ಕಾರ.

ಮಲ್ಪೆಯಲ್ಲಿ ನಮ್ಮ ನೆರೆಮನೆಯವರದು ಆಳಸಮುದ್ರದ ಬೋಟು. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಮತ್ತೆ ಬೋಟು ವಾಪಸು ಬರುವವರೆಗೆ ಮನೆಯವರಿಗೆ ಮಾತಿಲ್ಲ. ಹಾಗಾಗಿ ಉಪಗ್ರಹದ ಇಂಟರ್ನೆಟ್ ಅಂದರೆ ಅವರಿಗೆ ಕಿವಿ ನೆಟ್ಟಗಾಗುತ್ತದೆ. 2025ರ ಜೂನ್‌ನಲ್ಲಿ ಅಂಥ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ ಅನುಮತಿ ಸಿಕ್ಕಿತು ಅಂತ ಪೇಪರಿನಲ್ಲಿ ಓದಿದರು. ಮಳೆಗಾಲದ 61 ದಿನ ಮೀನುಗಾರಿಕೆಗೆ ರಜೆ, ಬೋಟು ದಕ್ಕೆಯಲ್ಲಿ (ಬೋಟು ನಿಲ್ಲಿಸುವ ಕಟ್ಟೆ). ಪೇಪರನ್ನು ಅಕ್ಷರ ಬಿಡದೆ ಓದುವ ಕಾಲ ಅದು. ಜುಲೈಯಲ್ಲಿ ನೋಡಿದರೆ ಅದೇ ಕಂಪನಿಗೆ ಪುನಃ ಅನುಮತಿ. ಪೇಪರ್ ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದರು. "ಎಂತ ಮಾಷ್ಟ್ರೇ, ಹೋದ ತಿಂಗಳೇ ಸಿಕ್ಕಿತ್ತಲ್ಲ? ನಡುವಿನಲ್ಲಿ ಕ್ಯಾನ್ಸಲ್ ಆಯ್ತಾ?"

ಕ್ಯಾನ್ಸಲ್ ಆಗಿರಲಿಲ್ಲ. ಜೂನಿನದು ದೂರಸಂಪರ್ಕ ಇಲಾಖೆಯ ಲೈಸೆನ್ಸ್. ಈ ಕಂಪನಿ ಇಲ್ಲಿಯ ಜನರಿಗೆ ಉಪಗ್ರಹದ ಮೂಲಕ ಸೇವೆ ಕೊಡಬಹುದು ಅಂತ. ಜುಲೈಯದ್ದು ಅಹಮದಾಬಾದಿನ ಇನ್‌ಸ್ಪೇಸ್ (ಖಾಸಗಿಯವರ ಬಾಹ್ಯಾಕಾಶ ಕೆಲಸಕ್ಕೆ ಒಪ್ಪಿಗೆ ಕೊಡುವ ಸರಕಾರಿ ಸಂಸ್ಥೆ) ಕೊಟ್ಟ ಆಥರೈಸೇಶನ್. ಕಂಪನಿಯ ಇಂಥ ಉಪಗ್ರಹಗಳನ್ನು ಭಾರತದ ಸೇವೆಗೆ ಐದು ವರ್ಷ ಬಳಸಬಹುದು ಅಂತ. ಇವೆರಡೂ ಕೈಯಲ್ಲಿದ್ದರೂ ಸಾಲದು, ತರಂಗಾಂತರ, ಅಂದರೆ ಸಿಗ್ನಲ್ ಸಾಗುವ ಅಲೆಗಳ ಪಟ್ಟಿ, ಬೇರೆ ಸಿಗಬೇಕು. ಮೂರು ಕಾಗದ, ಮೂರು ಅರ್ಥ. ಕನ್ನಡದಲ್ಲಿ ಮಾತ್ರ ಮೂರಕ್ಕೂ ‘ಅನುಮತಿ’. ಓದುವವರು ಗೊಂದಲಪಟ್ಟರೆ ತಪ್ಪು ಅವರದಲ್ಲ.

ಈಗ ಇದು ನನ್ನ ತಲೆನೋವೂ ಹೌದು. ಹೈಸ್ಕೂಲ್ ಮಕ್ಕಳಿಗೆ ಸಂಪರ್ಕ ಉಪಗ್ರಹಗಳ ಬಗ್ಗೆ ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಈ ಅಧ್ಯಾಯ ಒಂದು ವಾರದಿಂದ ಮುಂದೆ ಹೋಗುತ್ತಿಲ್ಲ.

ದಾರಿ ತೋರಿಸಿದ್ದು ಉಡುಪಿ–ಮಂಗಳೂರು ಬಸ್ಸು. ಮೊನ್ನೆ ಪಡುಬಿದ್ರಿಯಲ್ಲಿ ನಮ್ಮ ಬಸ್ಸಿಗೂ ಹಿಂದಿನ ಬಸ್ಸಿಗೂ ಜಗಳ. ಹಿಂದಿನವ ಇಳಿದು ಬಂದು ಬಾಗಿಲಿಗೆ ಬಡಿದ. "ನಿನ್ನ ಟೈಮಿಂಗ್ ಎಷ್ಟಕ್ಕೆ? ಎರಡು ನಿಮಿಷ ಆಯ್ತು, ತೆಗಿ ಇಲ್ಲಿಂದ!" ನಮ್ಮ ಕಂಡಕ್ಟರ್ ಟಿಕೆಟ್ ಮೆಷಿನನ್ನು ಬಗಲಿಗೆ ಸಿಕ್ಕಿಸಿಕೊಂಡು, "ಪರ್ಮಿಟ್ ಉಂಟು ನಮಗೆ, ಕದ್ದು ಓಡಿಸುವುದಲ್ಲ" ಅಂದ. ಅದಕ್ಕೆ ಅವನು, "ಪರ್ಮಿಟ್ ಯಾರಿಗಿಲ್ಲ? ನಾನು ಕೇಳಿದ್ದು ಟೈಮಿಂಗ್!" ಕೇಳುತ್ತಾ ಕೂತಿದ್ದ ನನಗೆ ನಗು ಬಂತು. ನಾನು ಒಂದು ವಾರ ನಿಘಂಟು ತಿರುವಿ ಹುಡುಕಿದ್ದು ಇವರ ಬಾಯಲ್ಲಿ ಸಲೀಸಾಗಿ ಉಂಟು. ಲೈಸೆನ್ಸ್ ಓಡಿಸುವವನಿಗೆ. ಪರ್ಮಿಟ್ ಬಸ್ಸಿಗೆ. ಟೈಮಿಂಗ್ ಅಂದರೆ ಸ್ಟ್ಯಾಂಡಿನಲ್ಲಿ ನಿಲ್ಲುವ ಹೊತ್ತು. ಒಂದಿದ್ದರೆ ಇನ್ನೊಂದು ಇದ್ದ ಹಾಗಲ್ಲ.

ಹಾಗಾದರೆ ಉಪಗ್ರಹಕ್ಕೂ ಇದೇ ಲೆಕ್ಕ ಹಿಡಿಯಬಹುದು ಅಲ್ವಾ? ಕಂಪನಿಗೆ ಸಿಗುವುದು ಪರವಾನಗಿ. (‘ಪರವಾನಿಗೆ’ ಅಂತ ಬರೆಯುವವರೂ ಇದ್ದಾರೆ. ಪಾರಸಿಯ ಪರವಾನದಿಂದ ಬಂದದ್ದಾದ್ದರಿಂದ ನಾನು ‘ನಗಿ’ ಪಕ್ಷ. ಜಗಳ ಬೇಡ.) ಉಪಗ್ರಹಕ್ಕೆ ಸಿಗುವುದಕ್ಕೆ ರಹದಾರಿ ಅಂದರೆ ಹೇಗೆ? ಸಾರಿಗೆ ಇಲಾಖೆಯ ಕನ್ನಡ ಕಾಗದಗಳಲ್ಲಿ ಪರ್ಮಿಟ್‌ಗೆ ಇರುವ ಪದ ಅದೇ. ‘ರಾಹ್’ ಅಂದರೆ ಹಾದಿ. ಕೊನೆಗೆ ಇರುವ ‘ದಾರಿ’ ನಮ್ಮ ದಾರಿ ಅಲ್ಲ, ಅದೂ ಪಾರಸಿಯದೇ. ಆದರೆ ಕನ್ನಡದ ಕಿವಿಗೆ ದಾರಿ ಅಂತಲೇ ಕೇಳುತ್ತದೆ, ಅದು ನನಗೆ ಇಷ್ಟ. ಆಕಾಶದಲ್ಲಿ ಹಾದಿ ಹಿಡಿದು ಸುತ್ತುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ.

ಒಂದು ತೊಡಕು ಉಂಟು. 1885ರ ಟೆಲಿಗ್ರಾಫ್ ಕಾಯ್ದೆ ‘ಲೈಸೆನ್ಸ್’ ಎಂದ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆ ‘ಆಥರೈಸೇಶನ್’ ಅನ್ನುತ್ತದೆ. ಇನ್‌ಸ್ಪೇಸ್‌ನದೂ ಆಥರೈಸೇಶನ್. ಇಂಗ್ಲಿಷಿನಲ್ಲೇ ಎರಡೂ ಒಂದೇ ಹೆಸರಿಗೆ ಬಂದು ನಿಂತಿವೆ. ಹಾಗಂತ ನಾವೂ ಕಲಸಬೇಕಾ? ಇಂಗ್ಲಿಷ್ ಪದ ನೋಡಿ ಕನ್ನಡ ಪದ ಹುಡುಕುವುದನ್ನು ಬಿಟ್ಟು, ಕಾಗದ ಯಾರಿಗೆ, ಯಾವುದಕ್ಕೆ ಅಂತ ನೋಡಿ ಹೆಸರಿಡುವುದು ವಾಸಿ ಅಂತ ನನ್ನ ಅಭಿಪ್ರಾಯ. ಪದಕ್ಕೆ ಪದ ಇಡಲು ಹೋಗಿ ‘ಅಧಿಕೃತಗೊಳಿಸುವಿಕೆ’ ಬರೆದವರಿದ್ದಾರೆ. ಬಾಯಲ್ಲಿ ಅಡಿಕೆ ಇದ್ದರೆ ಹೇಳಲಿಕ್ಕಾಗದು. ‘ಪ್ರಾಧಿಕಾರ’ವೂ ಆಗದು. ನಮಗೆ ಪ್ರಾಧಿಕಾರ ಅಂದರೆ ಕಚೇರಿ, ಪಣಂಬೂರಿನ ಬಂದರು ಪ್ರಾಧಿಕಾರದ ಹಾಗೆ.

ಟೈಮಿಂಗಿನ ಜಾಗಕ್ಕೆ ಎರಡು ಸಂಗತಿ ಬರುತ್ತವೆ. ಒಂದು ಕಕ್ಷೆಯ ಜಾಗ. ಭೂಸ್ಥಿರ ಉಪಗ್ರಹಗಳೆಲ್ಲ (ಭೂಮಿಯ ಜೊತೆಗೇ ಸುತ್ತುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುವಂಥವು) ಸಮಭಾಜಕದ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಒಂದೇ ಬಳೆಯಲ್ಲಿ ನಿಲ್ಲಬೇಕು. ಅಲ್ಲಿ ಜಾಗ ಬೇಕಾದ ದೇಶ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕೆ ಮೊದಲೇ ತಿಳಿಸಿ, ಅಕ್ಕಪಕ್ಕದವರಿಗೆ ಅಡ್ಡಿಯಾಗದಂತೆ ಮಾತುಕತೆ ಮುಗಿಸಬೇಕು. ಏಳು ವರ್ಷದೊಳಗೆ ಬಳಕೆಗೆ ತರದಿದ್ದರೆ ಹಕ್ಕು ಹೋಯಿತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ. ಇದನ್ನು ಸುಮ್ನೆ ‘ಜಾಗ ಕಾದಿರಿಸುವುದು’ ಅಂದರೆ ಸಾಕು.

ನಿಜವಾದ ಪೇಚು ಎರಡನೆಯದರಲ್ಲಿ, ತರಂಗಾಂತರದಲ್ಲಿ. ಇದರಲ್ಲಿ ಮೂರು ಹಂತ ಇವೆ: ಅಲೊಕೇಶನ್, ಅಲಾಟ್‌ಮೆಂಟ್, ಅಸೈನ್‌ಮೆಂಟ್. ಮೂರಕ್ಕೂ ನಾವು ಹಾಕುವುದು ‘ಹಂಚಿಕೆ’. ಜಾತ್ರೆಯ ಸಂತೆ ನೆನಪು ಮಾಡಿಕೊಳ್ಳಿ. ರಥಬೀದಿಯ ಈ ಬದಿ ಬಳೆ ಅಂಗಡಿಗಳಿಗೆ, ಆ ಬದಿ ಚುರುಮುರಿಗೆ ಅಂತ ಮೊದಲು ಗೆರೆ ಎಳೆಯುತ್ತಾರೆ. ಅದು ಮೊದಲನೆಯದು: ಅಲೆಗಳ ಈ ಪಟ್ಟಿ ಉಪಗ್ರಹಕ್ಕೆ, ಆ ಪಟ್ಟಿ ರೇಡಿಯೊಗೆ. ಬಳೆಯ ಸಾಲಿನಲ್ಲಿ ಇಂಥ ಊರಿನವರಿಗೆ ಇಷ್ಟು ಅಂತ ಗೊತ್ತು ಮಾಡಿದರೆ ಎರಡನೆಯದು. ನಾಲ್ಕನೇ ನಂಬರ್ ನಿನಗೆ ಅಂತ ಒಬ್ಬನಿಗೇ ಚೀಟಿ ಕೊಟ್ಟರೆ ಮೂರನೆಯದು. ನಾನು ಸದ್ಯಕ್ಕೆ ಮೀಸಲು, ಪಾಲು, ವಹಿಕೆ ಅಂತ ಬರೆದಿಟ್ಟಿದ್ದೇನೆ. ಮೊದಲ ಎರಡು ನಡೆಯುತ್ತವೆ. ‘ವಹಿಕೆ’ ನನಗೇ ಹಿಡಿಸಿಲ್ಲ.

ಅಂದ ಹಾಗೆ, ಮೊಬೈಲ್ ಕಂಪನಿಗಳ ತರಂಗಾಂತರ ಏಲಂನಲ್ಲಿ ಹೋಗುತ್ತದೆ. ಇಂಥ ಉಪಗ್ರಹ ಸೇವೆಗಳಿಗೆ ಏಲಂ ಇಲ್ಲದೆ ಸರಕಾರವೇ ಕೊಡುತ್ತದೆ, ಹೊಸ ಕಾಯ್ದೆಯಲ್ಲಿ ಹಾಗಿದೆ. ಇದನ್ನು ನೆರೆಯವರಿಗೆ ಹೇಳಿದಾಗ ಅವರು, "ಅಂದರೆ ದಕ್ಕೆಯ ಏಲಂಗೆ ತಾರದೆ ಸೀದಾ ಮನೆಗೆ ಕೊಟ್ಟ ಮೀನು" ಅಂದರು. ಪುಸ್ತಕಕ್ಕೆ ಹಾಕಿಕೊಂಡಿದ್ದೇನೆ.

ಇನ್ನೊಂದು, ‘ಲ್ಯಾಂಡಿಂಗ್ ರೈಟ್ಸ್’. ಹೊರದೇಶದ ಉಪಗ್ರಹದ ಸಿಗ್ನಲ್ಲನ್ನು ನಮ್ಮ ನೆಲದಲ್ಲಿ ಪಡೆಯುವ ಹಕ್ಕು. ‘ಇಳಿಯುವ ಹಕ್ಕು’ ಅಂತ ಬರೆದು ಮಗಳಿಗೆ ತೋರಿಸಿದೆ. "ಎಲ್ಲಿ ಇಳಿಯುತ್ತದೆ ಅಪ್ಪಾ, ಬಜ್ಪೆ ಏರ್‌ಪೋರ್ಟಿನಲ್ಲಾ?" ಅಂದಳು. ಹೊಡೆದು ಹಾಕಿದೆ.

ಈಗ ನಿಮ್ಮಲ್ಲಿ ಕೇಳುವುದು ಎರಡು. ‘ರಹದಾರಿ’ ಬಯಲುಸೀಮೆಯ, ಮಲೆನಾಡಿನ ಹುಡುಗರಿಗೆ ತಿಳಿಯುತ್ತದಾ, ಅಥವಾ ಅಜ್ಜನ ಕಾಲದ ಪದ ಅನ್ನಿಸುತ್ತದಾ? ಮತ್ತೆ, ಸಂತೆಯಲ್ಲಿ ಒಬ್ಬನ ಹೆಸರಿಗೇ ಅಂಗಡಿ ಜಾಗ ಗೊತ್ತು ಮಾಡಿ ಚೀಟಿ ಕೊಡುವುದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ?